ಮಕ್ಕಳ ಧಾರಾವಾಹಿಗೆ ನಮ್ಮ ಪತ್ರಿಕೆಯಲ್ಲಿ ಜಾಗವಿಲ್ಲವೇ?

ಕಳೆದ ಬಾರಿಯ ಸಂಘದ ಕೂಟದಲ್ಲಿ ಊಟ ಮುಗಿದ ಮೇಲೆ ಹಿರಿಯರೊಬ್ಬರು ಬಹಳ ನೊಂದು ಒಂದು ಮಾತು ಹೇಳಿದರು. "ಭಾನುವಾರ ರಾತ್ರಿಯಾದರೆ ಸಾಕು, ನಮ್ಮ ಮಕ್ಕಳು ಮೊಬೈಲು ಹಿಡಿದು ಮೂಲೆ ಸೇರುತ್ತಾರೆ. ಜಪಾನಿನ ಹೊಡೆದಾಟದ ಚಿತ್ರಕತೆ ಓದುತ್ತಾರೆ. ಹೀಗಾದರೆ ಈ ಪರಊರಿನಲ್ಲಿ ಕನ್ನಡ ಉಳಿಯುವುದೆಂತು?" ಸಭೆಯೆಲ್ಲ ತಲೆದೂಗಿತು. ಅದೇ ವಾರದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಪಟ್ಟಂನಲ್ಲಿರುವ ನಮ್ಮವರೊಬ್ಬರ ಮಗಳು, ಹತ್ತನೆಯ ತರಗತಿಯವಳು, 'ಒನ್ ಪೀಸ್' ಎಂಬ ಆ ಜಪಾನೀ ಧಾರಾವಾಹಿಯ ಈಚಿನ ಕಂತುಗಳ ಮೇಲೆ ಎರಡು ಪುಟ ಬರೆದು ಈ ಪತ್ರಿಕೆಗೆ ಕೊಟ್ಟಿದ್ದಳು. ಬರೆದದ್ದು ಕನ್ನಡದಲ್ಲಿ. "ನಮ್ಮ ಪತ್ರಿಕೆಯ ಮಟ್ಟಕ್ಕೆ ತಕ್ಕುದಲ್ಲ" ಎಂಬ ಒಕ್ಕಣೆಯೊಂದಿಗೆ ಅದು ಹಿಂದಕ್ಕೆ ಬಂತು.

ಕನ್ನಡ ಉಳಿಯಲಿಲ್ಲವೆಂದು ಮರುಗುವ ಸಂಘವೇ ಕನ್ನಡದ ಎರಡು ಪುಟಗಳನ್ನು ಹಿಂದಕ್ಕೆ ಕೊಟ್ಟಿದೆ. ಈ ವಿಚಿತ್ರವನ್ನು ಬಂಧುಗಳ ಗಮನಕ್ಕೆ ತರಬೇಕೆಂದೇ ನಾವು ಕೆಲವು ತಂದೆತಾಯಿಗಳು ಕೂಡಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ವಿಷಯವೇನೆಂದು ತಿಳಿಯೋಣ. ಓದದೆ ಬೈಯುವ ಚಾಳಿ ನಮಗೂ ಇತ್ತು. ಮಕ್ಕಳ ಪಕ್ಕ ಕುಳಿತು ಓದಿದ ಮೇಲೆ ಅದನ್ನು ಬಿಟ್ಟೆವು. ಜಪಾನಿನ ಶೂಯೆಶಾ ಸಂಸ್ಥೆ 1968ರಲ್ಲಿ 'ಶೋನೆನ್ ಜಂಪ್' ಎಂಬ ಬಾಲಕರ ಪತ್ರಿಕೆಯನ್ನು ಹೊರಡಿಸಿತು. ಬೇಗನೆ ವಾರಪತ್ರಿಕೆಯಾದ ಅದು 1995ರ ಹೊತ್ತಿಗೆ ಒಂದೇ ಸಂಚಿಕೆಯಲ್ಲಿ ಅರುವತ್ತೈದು ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಅಚ್ಚು ಹಾಕಿತು. ಒಂದು ಸಂಚಿಕೆಯಲ್ಲಿ ಇಪ್ಪತ್ತರಷ್ಟು ಧಾರಾವಾಹಿಗಳು, ಒಂದೊಂದಕ್ಕೂ ಸುಮಾರು 19 ಪುಟ. ಯಾವುದು ಹಿಡಿಸಿತೆಂದು ಓದುಗರು ಕಾರ್ಡಿನಲ್ಲಿ ಗುರುತು ಹಾಕಿ ಕಳುಹಿಸುತ್ತಾರೆ. ಮತ ಬೀಳದ ಕತೆಯನ್ನು ಸಂಪಾದಕರು ನಿರ್ದಾಕ್ಷಿಣ್ಯವಾಗಿ ಮುಗಿಸಿಬಿಡುತ್ತಾರೆ. ಎಯಿಚಿರೊ ಓಡಾ ಅವರ 'ಒನ್ ಪೀಸ್' 1997ರ ಜುಲೈಯಲ್ಲಿ ಆರಂಭವಾಗಿ ಈ ಪರೀಕ್ಷೆಯಲ್ಲಿ ಕಾಲು ಶತಮಾನಕ್ಕೂ ಮೀರಿ ಗೆದ್ದ ಕತೆ. 2019ರಿಂದ ಈ ಕಂತುಗಳು ಜಪಾನಿನಲ್ಲಿ ಬಿಡುಗಡೆಯಾಗುವ ಕ್ಷಣದಲ್ಲೇ ಮೊಬೈಲಿನಲ್ಲಿ ಇಂಗ್ಲಿಷಿಗೂ ಬರುತ್ತಿವೆ. ಅಲ್ಲಿಯ ಸೋಮವಾರದ ನಡುರಾತ್ರಿ ಇಲ್ಲಿ ನಮಗೆ ಭಾನುವಾರ ರಾತ್ರಿ 8.30. ಮಕ್ಕಳು ಮೂಲೆ ಸೇರುವ ಗಳಿಗೆಯ ರಹಸ್ಯ ಇಷ್ಟೇ.

ಇನ್ನು ಹಿರಿಯರನ್ನು ಒಂದು ಪ್ರಶ್ನೆ ಕೇಳುತ್ತೇವೆ. ಕಂತಿಗಾಗಿ ಕಾದವರಲ್ಲವೇ ನಾವೂ? 'ಚಂದಮಾಮ' ಬಂದ ದಿನ ಮನೆಯಲ್ಲಿ ಜಗಳವಾಗದೆ ಇತ್ತೇ? ಬೇತಾಳ ಹೆಣದೊಳಗಿಂದ ಪ್ರಶ್ನೆ ಕೇಳಿ, ವಿಕ್ರಮ ಬಾಯಿಬಿಟ್ಟು, ಹೆಣ ಮತ್ತೆ ಮರ ಸೇರುವುದನ್ನು ತಿಂಗಳು ತಿಂಗಳೂ ಓದಿ ಬೇಸರವಾಯಿತೇ? 1965ರಲ್ಲಿ 'ಸುಧಾ', 1983ರಲ್ಲಿ 'ತರಂಗ' ಹೊರಟ ಮೇಲೆ ವಾರದ ಧಾರಾವಾಹಿಯ ಪುಟವನ್ನು ಮೊದಲು ಓದಿ ಉಳಿದುದನ್ನು ಆಮೇಲೆ ಓದಿದವರು ಯಾರು? "ಮುಂದಿನ ವಾರಕ್ಕೆ" ಎಂಬ ಆ ಎರಡು ಪದಗಳೇ ಪರಸ್ಥಳದಲ್ಲಿ ನಮ್ಮನ್ನು ಕನ್ನಡಕ್ಕೆ ಕಟ್ಟಿಹಾಕಿದ್ದವು. ತಿರುವನಂತಪುರಕ್ಕೂ ಕೊಚ್ಚಿಗೂ ಹೊಟ್ಟೆಪಾಡಿಗೆ ಬಂದ ನಮ್ಮವರು ಊರಿನಿಂದ ಹಿಂದಿರುಗುವಾಗ ಚೀಲದಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಹಳೆಯ ಸಂಚಿಕೆಗಳ ಕಟ್ಟನ್ನೂ ತರುತ್ತಿದ್ದರು. ಅಂದಿನ ನಮ್ಮ ಹಿರಿಯರೂ "ಕತೆಪುಸ್ತಕ ಓದಿ ಕೆಟ್ಟುಹೋದವು" ಎಂದು ನಮ್ಮನ್ನು ಬೈದಿದ್ದುಂಟು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದು ಈಗ ನಮಗೆ ಮರೆತುಹೋಗಿದೆ.

ಇನ್ನೊಂದು ಸಂಗತಿಯನ್ನು ಕೇರಳದಲ್ಲಿರುವ ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕರ್ನಾಟಕದ ಹುಡುಗರು ಬಾಯಿಬಿಟ್ಟುಕೊಂಡು ಓದಿದ 'ಬಾಲಮಂಗಳ'ದ ಡಿಂಗ ಯಾರ ಮಗ? ಕೋಟ್ಟಯಂನ ಮಂಗಳಂ ಸಂಸ್ಥೆಯ ಮಲಯಾಳಂ 'ಬಾಲಮಂಗಳಂ'ನಲ್ಲಿ 1983ರಲ್ಲಿ ಹುಟ್ಟಿದ ಡಿಂಕನ್ ಎಂಬ ಇಲಿಯೇ ಕನ್ನಡಕ್ಕೆ ಬಂದು ಡಿಂಗನಾದ. ಅನ್ಯಗ್ರಹದವರು ಎತ್ತಿಕೊಂಡು ಹೋಗಿ ಪ್ರಯೋಗ ಮಾಡಿದ್ದರಿಂದ ಮಹಾಶಕ್ತಿ ಪಡೆದು ಕಾಡಿನ ಪ್ರಾಣಿಗಳನ್ನು ಕಾಪಾಡುವ ಇಲಿ! ಅವನದೂ ಹೊಡೆದಾಟವೇ. ಅದನ್ನು ಓದಿದವರಾರೂ ಕನ್ನಡ ಮರೆಯಲಿಲ್ಲ. ಅಕ್ಷರ ಕೂಡಿಸಿ ಓದುವುದನ್ನು ಅದರಿಂದಲೇ ಕಲಿತವರು ಎಷ್ಟೋ ಮಂದಿ. ಪರಭಾಷೆಯ ಚಿತ್ರಕತೆ ಕನ್ನಡಕ್ಕೆ ಇಳಿದಾಗ ಕನ್ನಡ ಬೆಳೆಯಿತು. 'ಅಮರ ಚಿತ್ರಕಥಾ' ಮಾಲೆಯ ಆರಂಭವೂ ಹಾಗೆಯೇ. 1965ರಲ್ಲಿ ಬೆಂಗಳೂರಿನಲ್ಲಿ ಹೊರಟ ಅದರ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕತೆಗಳ ಕನ್ನಡ ರೂಪಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ 'ಕೃಷ್ಣ' ಬಂದದ್ದು ಆಮೇಲೆ, ಹನ್ನೊಂದನೆಯದಾಗಿ.

"ಆದರೆ ಒಂದು ಕಂತು ಹಿಡಿಸಲಿಲ್ಲವೆಂದು ಊಟ ಬಿಟ್ಟು ಕೂಗಾಡುವುದೇ?" ಎನ್ನುವವರಿದ್ದಾರೆ. ನಮ್ಮ ಸುತ್ತಲಿನ ಮಲಯಾಳಿ ನೆರೆಯವರನ್ನು ನೋಡಿ. 'ಬಾಲರಮ'ದಲ್ಲಿ 1984ರಿಂದ ಬರುತ್ತಿರುವ 'ಮಾಯಾವಿ'ಯ ಕಥೆಯಲ್ಲಿ ಎಷ್ಟು ವರ್ಷ ಕಳೆದರೂ ರಾಜುವಿಗೂ ರಾಧೆಗೂ ವಯಸ್ಸಾಗಿಲ್ಲ, ಕುಟ್ಟೂಸನಿಗೆ ಬುದ್ಧಿ ಬಂದಿಲ್ಲ. 2019ರಲ್ಲಿ ಹೊಸ ಪಾತ್ರವೊಂದು ಬರುವುದೆಂದು ಗೊತ್ತಾದಾಗ, ಕೆಂಪು ಕುಂತವೇರಿ ಹಾರುವ ಲುಟ್ಟಾಪ್ಪಿಗೆ ಎಲ್ಲಿ ಕುತ್ತು ಬರುವುದೋ ಎಂದು ಮೀಸೆ ಬಂದ ಗಂಡಸರೇ 'ಲುಟ್ಟಾಪ್ಪಿಯನ್ನು ಉಳಿಸಿ' ಎಂದು ಚಳವಳಿ ಹೂಡಿದರು! ನಾವೂ ಅದನ್ನು ನೋಡಿ ನಕ್ಕೆವು, ಮೆಚ್ಚಿದೆವು. ಲುಟ್ಟಾಪ್ಪಿಗೆ ಸಲ್ಲುವ ಪ್ರೀತಿ ಲೂಫಿಗೆ ಸಲ್ಲಬಾರದೇಕೆ?

ಈಗ ಆ ಹಿಂದಿರುಗಿದ ಎರಡು ಪುಟಗಳ ವಿಷಯಕ್ಕೆ ಬರುತ್ತೇವೆ. 2025ರಲ್ಲಿ 'ಒನ್ ಪೀಸ್' ಕತೆ ಎಲ್ಬಾಫ್ ಎಂಬ ದೈತ್ಯರ ನಾಡಿನಲ್ಲಿ ನಡೆಯುತ್ತಿದ್ದಾಗ ಒಮ್ಮೆಲೆ 38 ವರ್ಷ ಹಿಂದಕ್ಕೆ ಸರಿದು, ಗಾಡ್ ವ್ಯಾಲಿ ಎಂಬಲ್ಲಿ ನಡೆದ ಹಳೆಯ ಯುದ್ಧವನ್ನು ಹಲವು ತಿಂಗಳ ಕಾಲ ಹೇಳಿತು. "ನಾಯಕ ಲೂಫಿಯ ಮುಖವನ್ನೇ ಕಾಣದೆ ಎಷ್ಟು ವಾರ ಕಾಯುವುದು?" ಎಂಬುದು ಹುಡುಗಿಯ ಆಕ್ಷೇಪ. ನಾವು ಇಲ್ಲಿ ಅವಳನ್ನು ಒಪ್ಪುವುದಿಲ್ಲ. ತಿರುವನಂತಪುರದಲ್ಲಿರುವವರು ಮಾರ್ಗಿಯ ಕೂಡಿಯಾಟ್ಟವನ್ನು ಒಮ್ಮೆಯಾದರೂ ನೋಡಬೇಕು. ಅಲ್ಲಿ ಪಾತ್ರ ರಂಗಕ್ಕೆ ಬಂದ ಮೇಲೆ 'ನಿರ್ವಹಣ'ವೆಂದು ಹಿಂದಿನ ಕತೆಗೆ ಹೋಗುತ್ತದೆ. ಒಬ್ಬನೇ ನಟ ದಿನಗಟ್ಟಲೆ ಅದನ್ನು ಅಭಿನಯಿಸಿ, ಆಮೇಲಷ್ಟೇ ನಾಟಕ ಮುಂದುವರಿಯುತ್ತದೆ. ಹಿಂದಿನದು ತಿಳಿಯದೆ ಮುಂದಿನದಕ್ಕೆ ತೂಕ ಬಾರದು. ಸರಕಾರ ಬರೆಸಿದ ಚರಿತ್ರೆಯಲ್ಲಿ ಗಾರ್ಪ್ ವೀರ, ರಾಕ್ಸ್ ದುಷ್ಟ. ಈ ಕಂತುಗಳಲ್ಲಿ ಕಂಡದ್ದು ಹೆಂಡತಿ ಮಗುವನ್ನು ಉಳಿಸಲು ಒದ್ದಾಡಿದ ರಾಕ್ಸ್. ಗೆದ್ದವರು ಬರೆದದ್ದೇ ಚರಿತ್ರೆಯಲ್ಲವೆಂದು ಹದಿನೈದರ ಹುಡುಗಿಗೆ ಇದಕ್ಕಿಂತ ಚೆನ್ನಾಗಿ ಯಾರು ಕಲಿಸಿಯಾರು?

ಆದರೆ 'ಜುಜುತ್ಸು ಕೈಸೆನ್' ವಿಷಯದಲ್ಲಿ ಮಕ್ಕಳ ಸಿಟ್ಟು ನ್ಯಾಯವಾದುದು. 2023ರಲ್ಲಿ 235ನೆಯ ಕಂತಿನ ಕೊನೆಗೆ ಗುರು ಗೋಜೊ ಗೆದ್ದನೆಂದು ಸಾರಿ, 236ನೆಯದರಲ್ಲಿ ಆತ ಆಗಲೇ ಸತ್ತು ಪರಲೋಕದಲ್ಲಿ ಗೆಳೆಯರೊಡನೆ ಮಾತಾಡುವುದನ್ನು ತೋರಿಸಿದರು. ಕೊಂದ ಏಟು ಪುಟದ ಮೇಲೆ ಬರಲೇ ಇಲ್ಲ. ನಮ್ಮ ಯಕ್ಷಗಾನದಲ್ಲಿ ಕರ್ಣನನ್ನು ಚೌಕಿಯಲ್ಲಿ ಕೊಂದು, ಭಾಗವತರು ಮಂಗಳ ಹಾಡಿದರೆ ಪ್ರೇಕ್ಷಕರು ಸುಮ್ಮನಿರುತ್ತಾರೆಯೇ? 2024ರ ಸೆಪ್ಟೆಂಬರಿನಲ್ಲಿ 271ನೆಯ ಕಂತಿಗೆ ಆ ಕತೆ ಮುಗಿಯಿತು. ಕೊನೆಯ ಯುದ್ಧವಾದ ಮೇಲೆ ಉಳಿದುದನ್ನೆಲ್ಲ ಬಸ್ಸಿಗೆ ಹೊತ್ತಾದವರಂತೆ ಕಟ್ಟಿಟ್ಟರು. ಇದು ಓದುಗರಿಗೆ ಮಾಡಿದ ಮೋಸವೆಂದೇ ನಮ್ಮ ಮತ.

ಹಿಂಸೆಯ ಆಕ್ಷೇಪಕ್ಕೂ ಒಂದು ಮಾತು. 2021ರ ಏಪ್ರಿಲಿನಲ್ಲಿ 139ನೆಯ ಕಂತಿಗೆ ಮುಗಿದ 'ಅಟ್ಯಾಕ್ ಆನ್ ಟೈಟನ್' ರಕ್ತಮಯವೆಂಬುದು ನಿಜ. ಅದರ ನಾಯಕ ತನ್ನವರನ್ನು ಉಳಿಸುವ ಹೆಸರಿನಲ್ಲಿ ಲೋಕದ ಬಹುಪಾಲು ಜನರನ್ನು ತುಳಿಸಿ ಕೊಲ್ಲುತ್ತಾನೆ. ಕೊನೆಗೆ ಅವನನ್ನು ತಡೆದು ಕೊಲ್ಲಬೇಕಾದವರು ಅವನ ಗೆಳೆಯರೇ. ಕಥಕ್ಕಳಿಯಲ್ಲಿ ಭೀಮ ದುಶ್ಶಾಸನನ ಕರುಳು ಬಗೆಯುವುದನ್ನು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ನೋಡುವ ನಾವು, ಇಂಥ ಕತೆಯನ್ನು ಬರಿಯ ಹೊಡೆದಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಚಿಕ್ಕ ಮಕ್ಕಳ ಕೈಗೆ ಅದನ್ನು ಕೊಡಬಾರದು, ಒಪ್ಪಿದೆವು. ಯಾವ ವಯಸ್ಸಿಗೆ ಯಾವುದೆಂದು ಹೇಳಬೇಕಾದರೂ ನಾವು ಮೊದಲು ಓದಿರಬೇಕಲ್ಲ!

ಮಕ್ಕಳಿಗೂ ಒಂದು ಬುದ್ಧಿಮಾತು ಉಂಟು. ಕಂತು ತಡವಾಯಿತೆಂದು ಬರೆದವರನ್ನು ಹಳಿಯಬೇಡಿ. ಪ್ರತಿ ವಾರ 19 ಪುಟ ಬರೆಯುವುದು ಮೈ ಮುರಿಯುವ ದುಡಿಮೆ. 'ಹಂಟರ್ ಹಂಟರ್' ಬರೆಯುವ ಯೊಶಿಹಿರೊ ತೊಗಾಶಿ ಬೆನ್ನುನೋವಿನಿಂದ ಕುಳಿತುಕೊಳ್ಳಲೂ ಆಗದೆ 2018ರ ಕೊನೆಯಿಂದ 2022ರ ಅಕ್ಟೋಬರಿನವರೆಗೆ ಕತೆ ನಿಲ್ಲಿಸಬೇಕಾಯಿತು. 'ಬರ್ಸರ್ಕ್' ಬರೆದ ಕೆಂಟಾರೊ ಮಿಉರಾ 2021ರಲ್ಲಿ 54ನೆಯ ವಯಸ್ಸಿಗೆ ಕತೆ ಮುಗಿಸದೆಯೇ ತೀರಿಕೊಂಡರು. ಕದ್ದ ಪ್ರತಿಯಲ್ಲಿ ಗುರುವಾರವೇ ಓದಿ ಮುಗಿಸಿ ಜಂಭ ಕೊಚ್ಚುವವರು ಇದನ್ನು ನೆನೆಯಬೇಕು. ಹೊಸ ಕಂತುಗಳನ್ನು ಪ್ರಕಾಶಕರೇ ಪುಕ್ಕಟೆ ಕೊಡುತ್ತಿರುವಾಗ ಕಳ್ಳಮಾಲು ಏಕೆ?

ಕೊನೆಯದಾಗಿ ಮುಖ್ಯ ಮಾತು. ಶೂಯೆಶಾದವರು ಮೊದಲು ಇಂಗ್ಲಿಷ್, ಸ್ಪ್ಯಾನಿಷಿನಲ್ಲಿ ಕೊಟ್ಟರು. ಆಮೇಲೆ ಥಾಯ್, ಇಂಡೊನೇಷ್ಯಾ, ವಿಯೆಟ್ನಾಂ ಭಾಷೆಗಳಲ್ಲೂ ಕೊಟ್ಟರು. ಇತ್ತ 2025ರಲ್ಲಿ 'ಡೀಮನ್ ಸ್ಲೇಯರ್' ಚಲನಚಿತ್ರ ನಮ್ಮ ದೇಶಕ್ಕೆ ಬಂದಾಗ ಹಿಂದಿ, ತಮಿಳು, ತೆಲುಗು ಮಾತಾಡಿತು. ಕನ್ನಡ ಮಾತಾಡಲಿಲ್ಲ. ಇದು ಮಕ್ಕಳ ತಪ್ಪೇ? ಪರಭಾಷೆಯ ಚಿತ್ರ ಕನ್ನಡದಲ್ಲಿ ಮಾತಾಡಿದರೆ ಕನ್ನಡ ಕೆಡುತ್ತದೆಂದು ಡಬ್ಬಿಂಗಿಗೆ ದಶಕಗಳ ಕಾಲ ಬಾಗಿಲು ಹಾಕಿಟ್ಟವರು ನಾವು. ಅದು ಸರಿಯಲ್ಲವೆಂದು 2015ರಲ್ಲಿ ಸ್ಪರ್ಧಾ ಆಯೋಗ ಹೇಳಬೇಕಾಯಿತು. 'ಚಂದಮಾಮ' ನಿಂತಿತು, ಡಿಂಗನೂ ಹೋದ. ಆ ಜಾಗದಲ್ಲಿ ನಾವೇನು ಇಟ್ಟೆವು? ಬಡಿಸದ ಎಲೆಯ ಮುಂದೆ ಕುಳಿತ ಮಗು ಪಕ್ಕದ ಮನೆಗೆ ಉಣ್ಣಲು ಹೋದರೆ, ಬೈಸಿಕೊಳ್ಳಬೇಕಾದವರು ಅಡಿಗೆಯವರು.

ಆದ್ದರಿಂದ ಸಂಪಾದಕ ಮಂಡಳಿಯಲ್ಲಿ ನಮ್ಮ ಬೇಡಿಕೆ ಇಷ್ಟೇ. ಪ್ರತಿ ತಿಂಗಳೂ ಎರಡು ಪುಟಗಳನ್ನು ಮಕ್ಕಳಿಗೆ ಬಿಡಿ. ಆ ತಿಂಗಳ ಕಂತುಗಳ ಬಗ್ಗೆ ಅವರು ಕನ್ನಡದಲ್ಲಿ ಬರೆಯಲಿ, ಜಗಳವಾಡಲಿ. ನಡುನಡುವೆ ಮಲಯಾಳದ ಮಾತು ಬಂದರೆ ಬರಲಿ. ಒತ್ತಕ್ಷರ ತಪ್ಪಿದರೆ ತಿದ್ದಲು ನಾವಿದ್ದೇವೆ. ಒಲ್ಲದ ವಿಷಯದ ಮೇಲೆ ಮಗುವಿನಿಂದ ಪ್ರಬಂಧ ಬರೆಸಿ ಬಹುಮಾನ ಕೊಡುವುದಕ್ಕಿಂತ, ಮಗು ರಾತ್ರಿಯೆಲ್ಲ ಯೋಚಿಸುವ ವಿಷಯವನ್ನು ಕನ್ನಡದಲ್ಲಿ ಹೇಳಗೊಡುವುದು ಮೇಲು. ಸಿಟ್ಟಿಗೂ ಪ್ರೀತಿಗೂ ಒದಗದ ಭಾಷೆ ರಾಜ್ಯೋತ್ಸವದ ವೇದಿಕೆಯ ಮೇಲೆ ಮಾತ್ರ ಉಳಿದೀತು.

ಆ ಎರಡು ಪುಟಗಳನ್ನು ಹುಡುಗಿ ಹರಿದುಹಾಕಿಲ್ಲ. ಕೇಳಿದರೆ ಕೊಡುವಳು. ಮುಂದಿನ ಸಂಚಿಕೆಯಲ್ಲಿ ಅವು ಅಚ್ಚಾಗಲಿ. ನಿರ್ವಹಣದ ವಿಷಯದಲ್ಲಿ ಅವಳ ಮೇಲೆ ನಮ್ಮ ಉತ್ತರ ಸಿದ್ಧವಾಗಿದೆ.