ಬೆಳೆ ಕಾಯುವ ಬಂದೂಕಿಗೂ ಆರೈಕೆ ಬೇಕು



ಹಂಗಾಮು ಮುಗಿದೊಡನೆ ಕುಂಟೆಯ ಕುಡಕ್ಕೆ ಎಣ್ಣೆ ಹಚ್ಚುವಿರಿ. ಔಷಧಿ ಹೊಡೆದ ಪಂಪನ್ನು ತೊಳೆದಿಡುವಿರಿ. ಆದರೆ ಕಬ್ಬು, ಗೋವಿನಜೋಳದ ಹೊಲಕ್ಕೆ ಕಾಡುಹಂದಿ ನುಗ್ಗದಂತೆ ಲೈಸೆನ್ಸ್ ಪಡೆದು ತಂದ ಬಂದೂಕನ್ನು ತಮ್ಮಲ್ಲಿ ಎಷ್ಟು ಜನ ತೊಳೆಯುವಿರಿ? ಹೊಲಸು ಬಂದೂಕು ಹಂದಿಗಿಂತ ಅದನ್ನು ಹಿಡಿದವನಿಗೇ ಹೆಚ್ಚು ಅಪಾಯಕಾರಿ. ಅದನ್ನು ತೊಳೆಯಲು ಅರ್ಧ ತಾಸು ಕೊಡಲಾರದವರು ಬಂದೂಕು ಇಟ್ಟುಕೊಳ್ಳದಿರುವುದೇ ಲೇಸು.

ತಾನಾಗಿ ತೋಟೆ ಏರಿಸಿಕೊಳ್ಳುವ ಅರೆ-ಸ್ವಯಂಚಾಲಿತ ರೈಫಲ್ ಬೆಳೆ ರಕ್ಷಣೆಯ ಹತಾರವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕನ್ನು.

ಕರಿಮದ್ದಿನಲ್ಲಿರುವುದು ಪೆಟ್ಲುಪ್ಪು, ಗಂಧಕ, ಇದ್ದಿಲು. ಅದು ಉರಿದ ಮೇಲೆ ನಳಿಗೆಯಲ್ಲಿ ಪೊಟ್ಯಾಶ್ ಲವಣಗಳು ಉಳಿಯುತ್ತವೆ. ಬಾಯಿ ತೆರೆದಿಟ್ಟ ಪೊಟ್ಯಾಶ್ ಗೊಬ್ಬರದ ಚೀಲ ಮಳೆಗಾಲದಲ್ಲಿ ಹಸಿಯಾಗುವುದನ್ನು ತಾವು ಬಲ್ಲಿರಿ. ಹಾಗೆಯೇ ಈ ಲವಣಗಳೂ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಇವು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಆದ್ದರಿಂದ ತೊಳೆಯದೆ ಎಣ್ಣೆ ಸವರಿದರೆ ತುಕ್ಕನ್ನು ಮುಚ್ಚಿಟ್ಟಂತೆ.

ತೊಳೆಯುವ ಮೊದಲು ಬಂದೂಕು ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಕೇಪು ತೆಗೆದು, ಬಾಯಿಯ ಮುಂದೆ ಯಾರೂ ಇಲ್ಲದಂತೆ ಹಿಡಿದು, ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು ಗುರುತು ಹಾಕಿರಿ. ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿರಿ. ಗಜ ಬುಡದವರೆಗೆ ಇಳಿಯದಿದ್ದರೆ ಒಳಗೆ ಮದ್ದು ಇರಬಹುದು. ಅದನ್ನು ಕೆದಕಬೇಡಿರಿ, ಪರವಾನಿಗೆಯುಳ್ಳ ಬಂದೂಕು ರಿಪೇರಿಯವರ ಸಲಹೆ ಪಡೆಯಿರಿ. ಮದ್ದಿನ ಡಬ್ಬಿ, ಬೀಡಿ, ದೀಪ ಹತ್ತಿರ ಇರಕೂಡದು.

ಹಾರಿಸಿದ ದಿನವೇ ನಳಿಗೆಯನ್ನು ಸಾಬೂನು ಬೆರೆಸಿದ ಬಿಸಿನೀರಿನಿಂದ ತೊಳೆದು, ಗಜಕ್ಕೆ ಸುತ್ತಿದ ಬಟ್ಟೆ ಬೆಳ್ಳಗೆ ಹೊರಬರುವ ತನಕ ಉಜ್ಜಿರಿ. ಕೇಪು ಕೂರಿಸುವ ಮೊಳೆಯ ತೂತನ್ನೂ ಬಿಡಿಸಿರಿ. ಪೂರ್ಣ ಒಣಗಿದ ಮೇಲೆ ಮಶಿನ್ ಎಣ್ಣೆಯನ್ನು ತೆಳ್ಳಗೆ ಸವರಿರಿ. ಮತ್ತೆ ಹಾರಿಸುವ ಮೊದಲು ಆ ಎಣ್ಣೆಯನ್ನು ಒರೆಸಿ, ನಳಿಗೆಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿಲ್ಲವೆಂದು ನೋಡತಕ್ಕದ್ದು. ಮುಚ್ಚಿಹೋದ ನಳಿಗೆ ಸಿಡಿದರೆ ಕೈ, ಕಣ್ಣು ಹೋಗುತ್ತವೆ. ತೋಟೆಯ ಬಂದೂಕನ್ನೂ ತೋಟೆ ತೆಗೆದು, ನಳಿಗೆ ಉಜ್ಜಿ, ಎಣ್ಣೆ ಸವರಿಡಬೇಕು. ಉಸುಕಿನ ಕಾಗದದಿಂದ ತಿಕ್ಕುವುದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುವುದು, ಗೊಬ್ಬರದ ಕೋಣೆಯಲ್ಲಿಡುವುದು ಸಲ್ಲದು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿರಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆದಂಡೆಯವರು 2019 ಮತ್ತು 2021ರ ಮಹಾಪೂರ ಮರೆತಿಲ್ಲ. ನೀರು ಹೊಕ್ಕ ಮನೆಯ ಬಂದೂಕನ್ನು ಪರೀಕ್ಷೆ ಮಾಡಿಸದೆ ಹಾರಿಸುವುದು ಹುಚ್ಚುತನ. ಚುನಾವಣೆಯ ಕಾಲಕ್ಕೆ ಠಾಣೆಗೆ ಒಪ್ಪಿಸುವಾಗಲೂ ತೊಳೆದು ಎಣ್ಣೆ ಹಚ್ಚಿಯೇ ಕೊಡಿರಿ. ತಿಂಗಳುಗಟ್ಟಲೆ ಅಲ್ಲಿ ಅದನ್ನು ಒರೆಸುವವರಿರುವುದಿಲ್ಲ.

ಇನ್ನೊಂದು ಮಾತು. ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಲೈಸೆನ್ಸಿನ ನವೀಕರಣ ಐದು ವರ್ಷಕ್ಕೊಮ್ಮೆ ಬಂದೀತು. ಬಂದೂಕಿನ ಆರೈಕೆ ಮಾತ್ರ ಹಾರಿಸಿದಾಗಲೆಲ್ಲ ನಡೆಯಬೇಕು. ಬೆಳೆ ಹೋದರೆ ಮುಂದಿನ ವರ್ಷ ಬಂದೀತು, ಹೋದ ಕಣ್ಣು ಬಾರದು.