ಮೊಬೈಲ್ ಕಸಿದುಕೊಂಡರೆ ಮುಗಿಯಿತೇ?

ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪಾಠ ಶುರುಮಾಡುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರಲ್ಲಿ ಹೇಳಿದಾಗಿನಿಂದ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: “ಆ ವಯಸ್ಸಿಗೆ ಇದೆಲ್ಲ ಯಾಕೆ? ಮಕ್ಕಳ ಕೈಗೆ ಮೊಬೈಲ್ ಕೊಡದಿದ್ದರೆ ಆಯಿತಲ್ಲ!” ಕೇಳಲು ವಿವೇಕದ ಮಾತು. ಆದರೆ ನಮ್ಮ ಮನೆಗಳಲ್ಲಿ ನಡೆಯುವ ಮಾತಲ್ಲ. ಇಲ್ಲಿ ಫೋನು ಇರುವುದು ಅಮ್ಮನದು. ಫೋನ್‌ಪೇ, ಬ್ಯಾಂಕಿನ ಒಟಿಪಿ, ಶಾಲೆಯ ವಾಟ್ಸ್ಆ್ಯಪ್ ಗುಂಪಿನ ಹೋಂವರ್ಕ್, ಊಟ ಮಾಡಿಸಲು ಹಾಕುವ ಕಾರ್ಟೂನ್ ಎಲ್ಲವೂ ಅದರಲ್ಲೇ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠದ ಹೆಸರಿನಲ್ಲಿ ಅದನ್ನು ಮಗುವಿನ ಕೈಗಿಟ್ಟವರೂ ನಾವೇ.

ಈಗಲೇ ಕೋಡಿಂಗ್ ಕಲಿತರೆ ಮುಂದೆ ಕೆಲಸ ಸಿಗುತ್ತದೆ ಎನ್ನುವವರೊಡನೆ ನನಗೆ ವಾದವಿಲ್ಲ. ಏಳು ವರ್ಷದ ಮಗು ಉದ್ಯೋಗಾರ್ಥಿಯಲ್ಲ. ತೂಕವಿರುವ ಆಕ್ಷೇಪ ಬೇರೆಯೇ ಇದೆ. ಒಬ್ಬರೇ ಮೇಷ್ಟ್ರು ಎರಡು ಮೂರು ತರಗತಿ ನೋಡಿಕೊಂಡು ಬಿಸಿಯೂಟದ ಲೆಕ್ಕವನ್ನೂ ಬರೆಯುವ ಶಾಲೆಯ ಮೇಲೆ ಹೊಸ ವಿಷಯ ಹೇರುವುದು ಅನ್ಯಾಯ. ಮಕ್ಕಳ ಕಣ್ಣಿಗೆ ಇನ್ನೊಂದು ಪರದೆಯೂ ಬೇಡ. ಇದನ್ನು ಪೂರ್ತಿ ಒಪ್ಪಿಯೂ ಪಾಠ ಬೇಕೆನ್ನುತ್ತೇನೆ, ಏಕೆಂದರೆ ಇದಕ್ಕೆ ಪರದೆಯೇ ಬೇಕಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು ಬರೀ ಕಾರ್ಡು, ಹಗ್ಗ, ಬಳಪಗಳಿಂದ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು 1990ರ ದಶಕದಲ್ಲೇ ಕಟ್ಟಿದರು. ನಮ್ಮ ನಲಿ-ಕಲಿ ತರಗತಿಗಳಿಗೆ ಕಾರ್ಡು ಹೊಸದೇನಲ್ಲ.

ಒಂದು ಆಟ ನೋಡಿ. ಆನೆ, ಬಸ್ಸು, ಹೂವು, ಕ್ರಿಕೆಟ್ ಚಿತ್ರಗಳ ಒಂದು ಕಟ್ಟು. ಒಂದು ಮಗು ಯಂತ್ರ, ಇನ್ನೊಂದು ನೋಡುಗ. ನೋಡುಗ ಯಾವ ಚಿತ್ರವನ್ನು ಹೆಚ್ಚು ಹೊತ್ತು ನೋಡುತ್ತದೋ ಅಂಥದ್ದನ್ನೇ ಯಂತ್ರ ಮುಂದಿಡಬೇಕು, ನಿಯಮ ಅಷ್ಟೆ. ಸ್ವಲ್ಪ ಹೊತ್ತಿಗೆ ನೋಡುಗನ ಮುಂದೆ ಬರೀ ಆನೆ. ಹೂವು, ಬಸ್ಸು ಕಟ್ಟಿನ ತಳ ಸೇರಿವೆ. “ಆನೆ ಬೇಕು ಅಂತ ನೀನು ಕೇಳಿದ್ದೆಯಾ?” ಎಂದು ಟೀಚರ್ ಕೇಳಿದರೆ ಸಾಕು, ಒಂದಾದ ಮೇಲೊಂದು ವಿಡಿಯೊ ಯಾಕೆ ಬರುತ್ತದೆಂದು ಮಗುವಿಗೆ ಹೊಳೆಯುತ್ತದೆ. “ಮೊಬೈಲ್ ಕೆಟ್ಟದ್ದು” ಎಂಬ ನೂರು ಉಪದೇಶಗಳಿಗೆ ಈ ಶಕ್ತಿಯಿಲ್ಲ.

ಇಂಗ್ಲೆಂಡಿನಲ್ಲಿ 2014ರಿಂದ ಐದಾರು ವರ್ಷದ ಮಕ್ಕಳ ಕಂಪ್ಯೂಟಿಂಗ್ ಪಠ್ಯಕ್ರಮದಲ್ಲಿ ಅಲ್ಗಾರಿದಮ್ಮೂ ಇದೆ, ಆನ್‌ಲೈನಿನಲ್ಲಿ ಆತಂಕವಾದರೆ ಯಾರ ಬಳಿ ಹೋಗಬೇಕು ಎಂಬುದೂ ಇದೆ. ಇವೆರಡನ್ನೂ ಒಟ್ಟಿಗಿಟ್ಟದ್ದೇ ಸರಿ.

ಯಾರ ಬಳಿ ಹೋಗಬೇಕು ಎಂಬಲ್ಲೇ ನಾವು ಮಕ್ಕಳ ಕೈಬಿಡುತ್ತಿದ್ದೇವೆ. ಗೇಮಿನ ಚಾಟ್‌ನಲ್ಲಿ ಗೊತ್ತಿಲ್ಲದ ಯಾರೋ ಫೋಟೊ ಕೇಳುತ್ತಾರೆ. “ಮೊಬೈಲ್ ಮುಟ್ಟಿದರೆ ಕೈ ಮುರೀತೀನಿ” ಎಂದು ಬೈಸಿಕೊಂಡ ಮಗು ಅದನ್ನು ಯಾರಿಗೆ ಹೇಳೀತು? “ಮನೇಲಿ ಹೇಳಿದರೆ ನಿನಗೇ ಹೊಡೀತಾರೆ” ಎಂದು ಬೆದರಿಸುವವನಿಗೆ ಬೇಕಾಗಿರುವುದೂ ಇದೇ. ನಮ್ಮ ಗದರಿಕೆಯೇ ಅವನ ಆಯುಧವಾಗುತ್ತದೆ. ಹಾಗಾಗಿ ಈ ಪಾಠದ ಅರ್ಧ ಎಸ್‌ಡಿಎಂಸಿ ಸಭೆಯಲ್ಲಿ ಅಪ್ಪ ಅಮ್ಮಂದಿರಿಗೇ ಆಗಬೇಕು: ಮಗು ಬಂದು ಹೇಳಿದ ದಿನ ಬೈಯಬೇಡಿ, ಫೋನ್ ಕಸಿಯಬೇಡಿ, ಮೆಸೇಜು ಅಳಿಸದೆ ಹಾಗೇ ಇಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸ್ ಠಾಣೆಗೋ ತಿಳಿಸಿ.