ಕರೆಂಟು ಓತಿ, ಹಾರುವ ಓತಿ

ಮೊನ್ನೆ ದಾಂಡೇಲಿಗೆ ಹೋದಾಗ ಅಣ್ಣನ ಮಗ "ಕಾಕಾ, ಇಲ್ನೋಡು" ಅಂತ ಪೋಕೆಮಾನ್ ಗೇಮಿನ ಹೆಲಿಯೋಪ್ಟೈಲ್ ತೋರಿಸಿದ. 2013ರಲ್ಲಿ ಬಂದ ಓತಿ, ಬಿಸಿಲು ಹೀರಿ ಕರೆಂಟು ಮಾಡುತ್ತೆ. ನಂಗೂ ಇಷ್ಟ ಆಯ್ತು, ಸುಳ್ಳ್ಯಾಕೆ! ಆದ್ರೆ ನಮ್ಮ ಕಾಡಲ್ಲೇ ಹಾರುವ ಓತಿ ಇದೆ ಅಂದ್ರೆ ನಂಬಲೇ ಇಲ್ಲ. ಪಕ್ಕಕ್ಕೆ ಚಾಚುವ ಪಕ್ಕೆಲುಬು, ಅದರ ಮೇಲೆ ತೊಗಲು. ಅದೇ ರೆಕ್ಕೆ. ಇರುವೆ ತಿನ್ಕೊಂಡು ಮರದಿಂದ ಮರಕ್ಕೆ ತೇಲುತ್ತೆ. ತೇಜಸ್ವಿಯವರ 'ಕರ್ವಾಲೊ'ದಲ್ಲಿ (1980) ಹುಡುಕಿ ಹೊರಡೋದು ಇದನ್ನೇ.

ಕರೆಂಟಿನ ಕತೆಯೂ ಇಲ್ಲೇ ಇದೆ. ಕಾಳಿ ನದಿ ನೀರಿಂದ ನಾಗಝರಿ ಪವರ್‌ಹೌಸ್ ನಡೆಯುತ್ತೆ. ಆ ನೀರು ನಿಲ್ಲಿಸೋಕೆ ಜೋಯಿಡಾದ ಹಳೇ ಸೂಪಾ ಊರು ಮುಳುಗಿತು, ಜೊತೆಗೆ ಕಾಡೂ. ನಮ್ಮ ಓತಿ ಕರೆಂಟು ಮಾಡಲ್ಲ, ಕರೆಂಟಿಗೆ ಮರ ಕಳ್ಕೊಂಡಿದೆ. ನನ್ನ ಪ್ರಕಾರ ಗೇಮಿಗೆ ಇದೇ ಒಳ್ಳೇ ಕತೆ, ಮಾಯ ಮಂತ್ರ ಏನೂ ಬೇಡ.

ಚಿತ್ರ ಬಿಡಿಸೋರು ಯಾರಾದ್ರೂ ಇದೀರಾ? ಕೋಡ್ ನಾನು ಬರೀತೀನಿ :)